ಆಸ್ತಮಾ: ಕಾರಣದ ಬಗ್ಗೆ ಸಂಶೋಧನೆ ಏನು ಹೇಳುತ್ತದೆ, ಹತೋಟಿಗೆ ಏನು ಹೇಳಿಕೊಡಬೇಕು?

ಪಾಠ_ತಯಾರಿ (ಪ್ರಶ್ನೆ)

ಹಾಸನ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆಯರಿಗೂ ಪ್ರೌಢಶಾಲಾ ಶಿಕ್ಷಕರಿಗೂ ಆಸ್ತಮಾ ಕುರಿತು ಎರಡು ಗಂಟೆಯ ತರಬೇತಿ ಇದೆ. ಪಾಠ ಬರೆಯಲು ಕುಳಿತರೆ ಓದಿದ್ದು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ನಾಲ್ಕು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಅಂಕಿ. ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಬೆಂಗಳೂರಿನ ಮಕ್ಕಳ ಆಸ್ತಮಾ 1979ರಲ್ಲಿ 9% ಇದ್ದದ್ದು 1999ಕ್ಕೆ 29.5% ಆಗಿದೆ. ದೇಶದ 12 ನಗರ, 11 ಗ್ರಾಮೀಣ ಪ್ರದೇಶಗಳಲ್ಲಿ ನಡೆದ 'ಇನ್‌ಸರ್ಚ್' ಸಮೀಕ್ಷೆ ಬರೀ 2.05% ಅನ್ನುತ್ತದೆ. ಯಾವುದನ್ನು ಹೇಳುವುದು? ಎರಡನೆಯದು ದೂಳು. ಒಂದು ಕಡೆ "ಮಕ್ಕಳನ್ನು ಅತಿ ಸ್ವಚ್ಛವಾಗಿ ಬೆಳೆಸಿದ್ದಕ್ಕೇ ಆಸ್ತಮಾ ಬಂತು" ಅಂತ ಇದೆ, ಇನ್ನೊಂದು ಕಡೆ "ದೂಳಿನಿಂದ ದೂರ ಇಡಿ" ಅಂತ ಇದೆ. ಮೂರನೆಯದು, ನೀಲಿ ಪಂಪ್ (ಎದೆ ಕಟ್ಟಿದಾಗ ಎಳೆಯುವ ಇನ್ಹೇಲರ್) ಒಂದನ್ನೇ ಬಳಸಬಾರದು ಎಂದು 2019ರಲ್ಲಿ ಸಲಹೆ ಬದಲಾಯಿತಂತೆ. ಯಾಕೆ? ಕೊನೆಯದಾಗಿ, ಸ್ಪೈರೊಮೀಟರ್ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಯಂತ್ರ) ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಆಸ್ತಮಾವೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

"ವೈದ್ಯರನ್ನು ಕಾಣಿ" ಎಂಬ ಒಂದೇ ಸಾಲಿನ ಉತ್ತರ ಬೇಡ. ಅದನ್ನು ಹೇಗೂ ಹೇಳುತ್ತೇವೆ.

ಅಂಕಿ_ನೋಟ

ಅಂಕಿಯಿಂದಲೇ ಶುರು ಮಾಡುತ್ತೇನೆ, ಉಳಿದ ಗೊಂದಲದ ಬೇರೂ ಅಲ್ಲೇ ಇದೆ.

ಆ ಎರಡೂ ಸಂಖ್ಯೆ ಸರಿ. ಆದರೆ ಎರಡೂ ಅಳೆದದ್ದು ಬೇರೆ ಬೇರೆ. ಬೆಂಗಳೂರಿನ ಅಧ್ಯಯನ 18 ವರ್ಷದೊಳಗಿನ 20,000 ಮಕ್ಕಳ ಮೇಲೆ, ಆಸ್ಪತ್ರೆಯಲ್ಲಿ ನಡೆದದ್ದು. ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಉಸಿರಾಟದ ತೊಂದರೆ ಇರುವವರ ಪಾಲು ಊರಿನ ಒಟ್ಟು ಮಕ್ಕಳಿಗಿಂತ ಹೆಚ್ಚೇ ಇರುತ್ತದೆ. ಹಾಗಾಗಿ 29.5% ಎಂಬುದನ್ನು "ಬೆಂಗಳೂರಿನ ಮೂವರಲ್ಲಿ ಒಂದು ಮಗುವಿಗೆ ಆಸ್ತಮಾ" ಎಂದು ಓದಬಾರದು. ಅದರ ಬೆಲೆ ಇರುವುದು ಏರಿಕೆಯ ದಿಕ್ಕಿನಲ್ಲಿ. ಒಂದೇ ಊರು, ಐದೈದು ವರ್ಷಕ್ಕೊಮ್ಮೆ ಎಣಿಕೆ: 9, 10.5, 18.5, 24.5, 29.5. ವಾಹನ, ಕಟ್ಟಡದ ದೂಳು, ಕಾಂಗ್ರೆಸ್ ಗಿಡ ಎಲ್ಲ ಹೆಚ್ಚಿದ ಕಾಲವೂ ಅದೇ. ಆದರೆ ಜೊತೆಗೆ ಹೆಚ್ಚಿತು ಎಂದ ಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ.

ಇನ್‌ಸರ್ಚ್ ಮನೆಮನೆಗೆ ಹೋಗಿ 1,69,575 ವಯಸ್ಕರನ್ನು ಪ್ರಶ್ನಾವಳಿಯಿಂದ ಕೇಳಿದ ಸಮೀಕ್ಷೆ. ಅದರಲ್ಲಿ ಮಕ್ಕಳೇ ಇಲ್ಲ. ಪ್ರಶ್ನಾವಳಿಯ ದೊಡ್ಡ ತೊಡಕು ಭಾಷೆ. ಇಂಗ್ಲಿಷಿನಲ್ಲಿ 'ವೀಜ್' ಎಂಬ ಒಂದೇ ಪದವಿದೆ. ನಮ್ಮಲ್ಲಿ ಸುಂಯ್‌ಗುಟ್ಟುವುದು, ಗೊರಗೊರ, ದಮ್ಮು, ಗೂರಲು, ಏದುಸಿರು ಎಲ್ಲವೂ ಅದರ ಹತ್ತಿರ ಹತ್ತಿರ ಬರುತ್ತವೆ, ಯಾವುದೂ ಸರಿಯಾಗಿ ಅದೇ ಅಲ್ಲ. ಗಂಟಲಲ್ಲಿ ಕಫ ಗೊರಗುಟ್ಟಿದರೂ ತಾಯಿ "ಹೌದು" ಅನ್ನುತ್ತಾಳೆ. ಓಡಿದಾಗ ಮಾತ್ರ ಕೆಮ್ಮುವ ಮಗುವಿನ ತಾಯಿ "ಇಲ್ಲ" ಅನ್ನುತ್ತಾಳೆ. 1991ರಲ್ಲಿ ಶುರುವಾದ ಅಂತರರಾಷ್ಟ್ರೀಯ ಮಕ್ಕಳ ಅಧ್ಯಯನ 'ಐಸಾಕ್' 13-14 ವಯಸ್ಸಿನವರಿಗೆ ವಿಡಿಯೊ ಪ್ರಶ್ನಾವಳಿಯನ್ನೂ ಮಾಡಿದ್ದು ಈ ತೊಡಕಿಗಾಗಿಯೇ. ನಿಮ್ಮ ತರಬೇತಿಯಲ್ಲೂ ಪದ ಹೇಳಿ ಬಿಡಬೇಡಿ, ಆ ಸದ್ದನ್ನು ಫೋನಿನಲ್ಲಿ ಕೇಳಿಸಿ.

ಪಾಠಕ್ಕೆ ನಾನಾದರೆ ಮೂರನೆಯ ಅಂಕಿಯನ್ನು ಆರಿಸುತ್ತೇನೆ. ಮೈಸೂರೂ ಸೇರಿ ದೇಶದ 9 ಕೇಂದ್ರಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ 'ಗ್ಲೋಬಲ್ ಆಸ್ತಮಾ ನೆಟ್‌ವರ್ಕ್' ಅಧ್ಯಯನದಲ್ಲಿ, ಸುಂಯ್‌ಗುಟ್ಟುವ ಲಕ್ಷಣ ಇದ್ದವರಲ್ಲಿ 82% ಮಂದಿಗೆ, ತೀವ್ರ ಲಕ್ಷಣ ಇದ್ದವರಲ್ಲೂ 70% ಮಂದಿಗೆ ಆಸ್ತಮಾ ಎಂದು ಯಾರೂ ಹೇಳಿರಲಿಲ್ಲ. ಆಶಾ ಕಾರ್ಯಕರ್ತೆಯ ಕೆಲಸ ಇರುವುದೇ ಈ ಅಂತರದಲ್ಲಿ.

ಈಗ 'ಕಾರಣ'. ಈ ಒಂದು ಪದದೊಳಗೆ ಮೂರು ಪ್ರಶ್ನೆ ಅಡಗಿವೆ: ಒಬ್ಬರಿಗೆ ಈ ಕಾಯಿಲೆ ಯಾಕೆ ಬಂತು, ಇವತ್ತು ಯಾಕೆ ಕೆರಳಿತು, ಕೆರಳಿದ್ದು ಯಾಕೆ ಜೀವಕ್ಕೆ ಬಂತು. ಸಂಶೋಧನೆ ಎರಡನೆಯದಕ್ಕೂ ಮೂರನೆಯದಕ್ಕೂ ಚೆನ್ನಾಗಿ ಉತ್ತರ ಕೊಟ್ಟಿದೆ, ಮೊದಲನೆಯದಕ್ಕೆ ತುಂಡುತುಂಡಾಗಿ ಮಾತ್ರ.

ಎರಡನೆಯದಕ್ಕೆ ಪಾಠದಲ್ಲಿ ಹೇಳಬಹುದಾದ ಉದಾಹರಣೆ ಬಾರ್ಸಿಲೋನಾ. 1981ರಿಂದ 1987ರವರೆಗೆ ಆ ನಗರದಲ್ಲಿ 26 ಸಲ ಒಂದೇ ದಿನ ಹತ್ತಾರು ಜನ ಆಸ್ತಮಾ ಕೆರಳಿ ತುರ್ತು ಚಿಕಿತ್ಸೆಗೆ ಬಂದರು. ಮೊದಲ ಅನುಮಾನ ಹೊಗೆಯ ಮೇಲೆ. ಸಂಶೋಧಕರು ರೋಗಿಗಳ ವಿಳಾಸವನ್ನು ನಕ್ಷೆಯಲ್ಲಿ ಗುರುತಿಸಿದರು, ಬಂದರಿನ ದಿನಚರಿ ತೆಗೆದು ನೋಡಿದರು. 1985-86ರ ಅಂಥ ಎಲ್ಲ ದಿನಗಳಲ್ಲೂ ಹಡಗಿನಿಂದ ಸೋಯಾ ಇಳಿಸಲಾಗಿತ್ತು. ಒಂದು ಕಣಜದ ಮೇಲ್ಭಾಗದಲ್ಲಿ ದೂಳು ಹಿಡಿಯುವ ಫಿಲ್ಟರ್ ಇರಲಿಲ್ಲ. ರೋಗಿಗಳ ರಕ್ತದಲ್ಲಿ ಸೋಯಾ ವಿರುದ್ಧದ ಐಜಿಇ (ಅಲರ್ಜಿಯಲ್ಲಿ ಕಾಣುವ) ಪ್ರತಿಕಾಯ ಸಿಕ್ಕಿತು. ಫಿಲ್ಟರ್ ಹಾಕಿದ ಮೇಲೆ ಸಾಮೂಹಿಕ ದಾಳಿಗಳು ನಿಂತವು. ದಿನ, ಜಾಗ, ರಕ್ತ, ತಡೆ, ಈ ನಾಲ್ಕೂ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ "ಇದೇ ಕೆರಳಿಸಿದ್ದು" ಎಂದು ಹೇಳಬಹುದು. ಆದರೂ ನಗರದ ಆಸ್ತಮಾ ಅಲ್ಲಿಗೆ ಹೋಗಲಿಲ್ಲ, ಹೋದದ್ದು ಆ ದಾಳಿಗಳು.

ಕೊಟ್ಟಿಗೆ_ಗಾಳಿ

ದೂಳಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅಂಕಿ_ನೋಟ ಅವರು ಹೇಳಿದ ಮೊದಲ ಪ್ರಶ್ನೆಗೆ ಸೇರಿದ್ದು ಇದು.

'ಸ್ವಚ್ಛತೆಯ ಸಿದ್ಧಾಂತ' 1989ರಲ್ಲಿ ಡೇವಿಡ್ ಸ್ಟ್ರಾಕನ್ ಬರೆದ ಲೇಖನದಿಂದ ಬಂತು. ಅವರು ಕಂಡದ್ದು ಇಷ್ಟೆ: ಅಣ್ಣ-ಅಕ್ಕಂದಿರು ಹೆಚ್ಚಿರುವ ಮನೆಯ ಕಿರಿಯ ಮಕ್ಕಳಲ್ಲಿ ಪರಾಗದ ಅಲರ್ಜಿಯ ನೆಗಡಿ ಕಡಿಮೆ. ಅದು ಆಸ್ತಮಾದ ಅಧ್ಯಯನವೇ ಅಲ್ಲ, "ಕೊಳಕು ಒಳ್ಳೆಯದು" ಎಂದೂ ಅವರು ಹೇಳಲಿಲ್ಲ.

ಬಲವಾದ ಸಾಕ್ಷ್ಯ ಬಂದದ್ದು 2016ರಲ್ಲಿ, ಅಮೆರಿಕದ ಅಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿಂದ. ಇಬ್ಬರ ಮೂಲವೂ ಮಧ್ಯ ಯುರೋಪು, ವಂಶವಾಹಿ ಹತ್ತಿರ ಹತ್ತಿರ, ಆಹಾರವೂ ಹಾಗೆಯೇ, ಸಿಗರೇಟಿನ ಹೊಗೆಯಂತೂ ಇಬ್ಬರ ಮಕ್ಕಳಿಗೂ ಇಲ್ಲವೆನ್ನುವಷ್ಟು ಕಡಿಮೆ. ಅಮಿಶ್ ಜನ ಕುದುರೆ ಕಟ್ಟಿ ಉಳುತ್ತಾರೆ, ಮನೆಯ ಪಕ್ಕದಲ್ಲೇ ಕೊಟ್ಟಿಗೆ. ಹಟರೈಟರದು ದೊಡ್ಡ ಯಂತ್ರದ ಬೇಸಾಯ, ದನ ದೂರ. ಶಾಲಾ ವಯಸ್ಸಿನ ಮಕ್ಕಳಲ್ಲಿ ಆಸ್ತಮಾ ಅಮಿಶರಲ್ಲಿ 5.2%, ಹಟರೈಟರಲ್ಲಿ 21.3%. ಅಮಿಶ್ ಮನೆಯ ದೂಳಿನಲ್ಲಿ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ (ಅದರ ಹೊರಪದರದ ಅಂಶ) 6.8 ಪಟ್ಟು ಹೆಚ್ಚು. ಆ ದೂಳನ್ನು ಇಲಿಗಳ ಮೂಗಿಗೆ ಹಾಕಿದಾಗ ಶ್ವಾಸನಾಳದ ಅಲರ್ಜಿ ತಗ್ಗಿತು. ಹುಟ್ಟು ರೋಗನಿರೋಧಕತೆಯ ಎರಡು ಜೀನ್ ತೆಗೆದ ಇಲಿಗಳಲ್ಲಿ ಆ ರಕ್ಷಣೆ ಕಾಣಲಿಲ್ಲ.

ಇದನ್ನು ಹಳ್ಳಿಯಲ್ಲಿ ಹೇಳುವಾಗ ಬಹಳ ಎಚ್ಚರ ಬೇಕು. ಈ ರಕ್ಷಣೆ ಸಿಗುವುದು ಗರ್ಭದಲ್ಲಿದ್ದಾಗಿನಿಂದ ಮೊದಲ ವರ್ಷಗಳವರೆಗಿನ ಒಡನಾಟದಿಂದ, ರೋಗನಿರೋಧಕ ವ್ಯವಸ್ಥೆ ಇನ್ನೂ ಪಾಠ ಕಲಿಯುತ್ತಿರುವಾಗ. ಆಗಲೇ ಆಸ್ತಮಾ ಇರುವ ಹನ್ನೆರಡರ ಹುಡುಗನನ್ನು ಕೊಟ್ಟಿಗೆ ಗುಡಿಸಲು ಕಳಿಸಿದರೆ ಅದೇ ದೂಳು, ಅದೇ ಎಂಡೊಟಾಕ್ಸಿನ್ ಅವನ ಶ್ವಾಸನಾಳವನ್ನು ಕೆರಳಿಸುತ್ತದೆ. ನಿಮ್ಮ ಎರಡು ಸಲಹೆಗಳ ನಡುವೆ ಜಗಳವಿಲ್ಲ, ವಯಸ್ಸು ಬೇರೆ. ಇನ್ನೊಂದು: ಕೊಟ್ಟಿಗೆಯ ಗಾಳಿಗೂ ಸೌದೆ ಒಲೆಯ ಹೊಗೆಗೂ ನಂಟು ಹಾಕಬೇಡಿ. ಹೊಗೆ ಯಾವ ವಯಸ್ಸಿನಲ್ಲೂ ರಕ್ಷಣೆ ಕೊಟ್ಟ ಉದಾಹರಣೆ ಇಲ್ಲ.

"ಮನೆತನದಲ್ಲಿ ಇದೆ" ಅನ್ನುವುದು ಅರ್ಧ ನಿಜ. 2007ರಲ್ಲಿ 17ನೇ ಕ್ರೋಮೊಸೋಮಿನ ಒಂದು ಭಾಗಕ್ಕೂ (17ಕ್ಯೂ21) ಬಾಲ್ಯದ ಆಸ್ತಮಾಕ್ಕೂ ಸಂಬಂಧ ಸಿಕ್ಕಿತು. ಆದರೆ ಒಬ್ಬರಿಗೆ ಬರುತ್ತದೋ ಇಲ್ಲವೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಹೆಚ್ಚು ಗಮನ ಕೊಡಬೇಕಾದದ್ದು ವೈರಸ್. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಮಕ್ಕಳಲ್ಲಿ, ಮೊದಲ 3 ವರ್ಷಗಳಲ್ಲಿ ರೈನೊವೈರಸ್ (ಸಾಮಾನ್ಯ ನೆಗಡಿಯ ವೈರಸ್) ತಗುಲಿ ಎದೆ ಸುಂಯ್‌ಗುಟ್ಟಿದವರಿಗೆ 6ನೇ ವಯಸ್ಸಿಗೆ ಆಸ್ತಮಾ ಇರುವ ಸಂಭವ ಸುಮಾರು 10 ಪಟ್ಟು ಕಂಡಿತು. ವೈರಸ್ಸೇ ಕಾಯಿಲೆ ತಂದಿತೋ, ಮೊದಲೇ ಸೂಕ್ಷ್ಮವಾಗಿದ್ದ ಶ್ವಾಸನಾಳವನ್ನು ತೋರಿಸಿಕೊಟ್ಟಿತೋ ಎಂಬುದು ಬೇರೆ ಚರ್ಚೆ. ಆಶಾ ಕಾರ್ಯಕರ್ತೆಗೆ ಬೇಕಾದದ್ದು ಇಷ್ಟು: ಪ್ರತಿ ನೆಗಡಿಗೂ ಎದೆ ಕಟ್ಟುವ ಮಗು, ಜೊತೆಗೆ ಮೈ ತುರಿಕೆಯ ಎಕ್ಸಿಮಾ, ಜೊತೆಗೆ ಅಪ್ಪ ಅಥವಾ ಅಮ್ಮನಿಗೆ ಆಸ್ತಮಾ. ಆ ಮಗುವಿನ ಹೆಸರು ಡೈರಿಯಲ್ಲಿ ಇರಬೇಕು. ಬಸುರಿಯಲ್ಲಿ ತಾಯಿ ಉಸಿರಾಡುವ ತಂಬಾಕಿನ ಹೊಗೆ, ಗಂಡನ ಬೀಡಿಯದ್ದೂ ಸೇರಿ, ತಡೆಯಬಹುದಾದ ಅಪಾಯಗಳಲ್ಲಿ ಮೊದಲನೆಯದು.

ಎದೆ_ವಿಭಾಗ

ಮೂರನೆಯ ಪ್ರಶ್ನೆ. 2019ರ ಬದಲಾವಣೆ ಒಂದೇ ದಿನದಲ್ಲಿ ಬಂದದ್ದಲ್ಲ.

ಆಸ್ತಮಾ ಎಂದರೆ ಶ್ವಾಸನಾಳದ ಒಳಪದರದ ಉರಿಯೂತ. ಸ್ನಾಯು ಬಿಗಿಯುವುದು ಅದರ ಪರಿಣಾಮ. ಸಾಲ್ಬುಟಮಾಲ್ (ನೀಲಿ ಪಂಪ್) ಸ್ನಾಯುವನ್ನು 4-6 ಗಂಟೆ ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ. ರೋಗಿಗೆ ಎದೆ ಹಗುರಾಯಿತು ಅನಿಸುತ್ತದೆ, ಒಳಗೆ ಊತವೂ ಅಂಟುಕಫವೂ ಬೆಳೆಯುತ್ತಲೇ ಇರುತ್ತವೆ. ನ್ಯೂಜಿಲೆಂಡಿನಲ್ಲಿ 1976ರಿಂದ ಆಸ್ತಮಾ ಸಾವುಗಳು ಏಕಾಏಕಿ ಏರಿದವು. 1989ರಲ್ಲಿ ಸಂಶೋಧಕರು ಫೆನೊಟೆರಾಲ್ ಎಂಬ ಪ್ರಬಲ ಪಂಪಿನ ಜೊತೆ ಅದರ ನಂಟು ತೋರಿಸಿದರು. ಅದರ ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವು ಇಳಿಯಿತು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಾಖಲೆಗಳ ವಿಶ್ಲೇಷಣೆ (2000) ಇದರ ಇನ್ನೊಂದು ಮುಖ ತೋರಿಸಿತು: ಹಿಂದಿನ ವರ್ಷದಲ್ಲಿ ಬಳಸಿದ ಪ್ರತಿ ಹೆಚ್ಚುವರಿ ಸ್ಟೆರಾಯ್ಡ್ (ಉರಿಯೂತ ತಗ್ಗಿಸುವ ಔಷಧ) ಪಂಪಿಗೆ ಆಸ್ತಮಾ ಸಾವಿನ ಪ್ರಮಾಣ 21% ಕಡಿಮೆ. ಬ್ರಿಟನ್ 2014ರಲ್ಲಿ 195 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ನೀಲಿ ಪಂಪಿನ ಲೆಕ್ಕ ಸಿಕ್ಕ 165 ಮಂದಿಯಲ್ಲಿ 65 ಮಂದಿ ಸಾಯುವ ಮುಂಚಿನ ವರ್ಷ 12ಕ್ಕಿಂತ ಹೆಚ್ಚು ಪಂಪ್ ಪಡೆದಿದ್ದರು. ಸತ್ತವರಲ್ಲಿ 'ಸೌಮ್ಯ ಆಸ್ತಮಾ' ಎಂದು ಚಿಕಿತ್ಸೆ ಪಡೆಯುತ್ತಿದ್ದವರೂ ಇದ್ದರು.

ದಿನಾ ಸ್ಟೆರಾಯ್ಡ್ ಪಂಪ್ ತೆಗೆದುಕೊಳ್ಳಿ ಎಂದರೆ ಲಕ್ಷಣ ಇಲ್ಲದ ದಿನ ಯಾರೂ ತೆಗೆದುಕೊಳ್ಳುವುದಿಲ್ಲ. ನಮ್ಮ ಊರಿನಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ಹಾಗೇ. ಅದಕ್ಕೆ ಬಂದ ಉಪಾಯ, ಪರಿಹಾರದ ಪಂಪಿನ ಒಳಗೇ ಸ್ಟೆರಾಯ್ಡ್ ಇಡುವುದು. 2018ರ 'ಸಿಗ್ಮಾ' ಹೆಸರಿನ ಎರಡು ಪ್ರಯೋಗಗಳಲ್ಲಿ ಸೌಮ್ಯ ಆಸ್ತಮಾ ಇರುವವರು ಬುಡೆಸೊನೈಡ್-ಫಾರ್ಮೊಟೆರಾಲ್ (ಮೊದಲನೆಯದು ಸ್ಟೆರಾಯ್ಡ್, ಎರಡನೆಯದು ಸ್ನಾಯು ಸಡಿಲಿಸುವುದು) ಅನ್ನು ಬೇಕೆನಿಸಿದಾಗ ಮಾತ್ರ ಎಳೆದರು. ಬರೀ ಪರಿಹಾರದ ಪಂಪಿಗೆ ಹೋಲಿಸಿದರೆ ತೀವ್ರ ದಾಳಿ 64% ಕಡಿಮೆ. ದಿನಾ ಸ್ಟೆರಾಯ್ಡ್ ಎಳೆಯುವವರಿಗೆ ಹೋಲಿಸಿದರೆ ತೀವ್ರ ದಾಳಿ ಸರಿಸುಮಾರು ಅಷ್ಟೇ, ಆದರೆ ದೇಹಕ್ಕೆ ಹೋದ ಸ್ಟೆರಾಯ್ಡ್ ದಿನಕ್ಕೆ 267ರ ಬದಲು 66 ಮೈಕ್ರೊಗ್ರಾಂ. ದಿನದ ಲಕ್ಷಣಗಳ ಹತೋಟಿಯಲ್ಲಿ ಮಾತ್ರ ದಿನಾ ತೆಗೆದುಕೊಳ್ಳುವುದೇ ತುಸು ಮೇಲು, ಅದನ್ನು ಮುಚ್ಚಿಡಬಾರದು. ಇದರ ಮೇಲೆ ಜಾಗತಿಕ ಮಾರ್ಗಸೂಚಿ 'ಜೀನಾ' 2019ರಲ್ಲಿ ವಯಸ್ಕರಿಗೂ 12 ದಾಟಿದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡ ಎಂದಿತು.

ಪ್ರಮಾಣ: 200/6 ಪಂಪಿನಲ್ಲಿ (ಬುಡೆಸೊನೈಡ್ 200, ಫಾರ್ಮೊಟೆರಾಲ್ 6 ಮೈಕ್ರೊಗ್ರಾಂ) ಬೇಕೆನಿಸಿದಾಗ ಒಂದು ಎಳೆತ, ಕೆಲವು ನಿಮಿಷದಲ್ಲಿ ಇಳಿಯದಿದ್ದರೆ ಇನ್ನೊಂದು. ದಿನಾ ತೆಗೆದುಕೊಳ್ಳುವುದೂ ಸೇರಿ ಒಂದು ದಿನಕ್ಕೆ ಗರಿಷ್ಠ 12, ಅಂದರೆ ಫಾರ್ಮೊಟೆರಾಲ್ 72 ಮೈಕ್ರೊಗ್ರಾಂ. ಅಷ್ಟು ಬೇಕಾಯಿತೆಂದರೆ ಅದು ಆಸ್ಪತ್ರೆಗೆ ಹೋಗುವ ದಿನ, ಮನೆಯಲ್ಲಿ ಲೆಕ್ಕ ಹಾಕುತ್ತ ಕೂರುವ ದಿನವಲ್ಲ.

ಇಲ್ಲಿ ನಡೆಯುವ ಅಪಾಯದ ತಪ್ಪು ಒಂದಿದೆ. ಅಂಗಡಿಯಲ್ಲಿ ಸಾಲ್ಮೆಟೆರಾಲ್-ಫ್ಲೂಟಿಕಾಸೋನ್ ಪಂಪೂ ಸಿಗುತ್ತದೆ, "ಅದೂ ಕಾಂಬಿನೇಷನ್, ಇದೂ ಕಾಂಬಿನೇಷನ್" ಎಂದು ಬದಲಿಸಿ ಕೊಡುತ್ತಾರೆ. ಸಾಲ್ಮೆಟೆರಾಲ್ ನಿಧಾನವಾಗಿ ಕೆಲಸ ಶುರುಮಾಡುತ್ತದೆ, ಬೇಕೆನಿಸಿದಾಗ ಎಳೆಯುವುದಕ್ಕೆ ಅಲ್ಲವೇ ಅಲ್ಲ. ಪಂಪಿನ ಮೇಲೆ 'ಫಾರ್ಮೊಟೆರಾಲ್' ಎಂಬ ಹೆಸರು ಇದೆಯೇ ಎಂದು ಓದುವುದನ್ನು ಕಲಿಸಿ.

ಸಾಲ್ಬುಟಮಾಲ್ ಸಿರಪ್, ಮಾತ್ರೆ, ಡೆರಿಫಿಲಿನ್ ತರಹದ ಥಿಯೊಫಿಲಿನ್ ಗುಳಿಗೆ ನಮ್ಮಲ್ಲಿ ಇನ್ನೂ ಧಾರಾಳ. ಸಾಲ್ಬುಟಮಾಲ್ ಮಾತ್ರೆ 2 ಅಥವಾ 4 ಮಿಲಿಗ್ರಾಂ, ಪಂಪಿನ ಒಂದು ಎಳೆತ 100 ಮೈಕ್ರೊಗ್ರಾಂ. ಇಪ್ಪತ್ತು-ನಲವತ್ತು ಪಟ್ಟು ಹೆಚ್ಚು ಔಷಧ ಹೊಟ್ಟೆಗೆ ಹೋಗಿ, ಕೈ ನಡುಗಿ, ಎದೆ ಹೊಡೆದುಕೊಂಡು, ಶ್ವಾಸನಾಳಕ್ಕೆ ತಡವಾಗಿ ಸ್ವಲ್ಪ ತಲುಪುತ್ತದೆ. "ಪಂಪ್ ಸ್ಟ್ರಾಂಗು, ಗುಳಿಗೆ ಸೌಮ್ಯ" ಎಂಬ ನಂಬಿಕೆ ತಲೆಕೆಳಗು.

ಪಂಪು_ಸ್ಪೇಸರು

ಮೇಲಿನ ಔಷಧ ಎಷ್ಟೇ ಸರಿಯಿದ್ದರೂ ಎಳೆಯುವ ರೀತಿ ತಪ್ಪಿದರೆ ಎಲ್ಲ ಗಂಟಲಲ್ಲೇ ಉಳಿಯುತ್ತದೆ. ನೋಡ್ರಿ, ತರಬೇತಿಯ ಎರಡು ಗಂಟೆಯಲ್ಲಿ ಒಂದು ಗಂಟೆ ಇದಕ್ಕೇ ಇಡಿ.

ಗಾಳಿಪಂಪ್ (ಒತ್ತಿದರೆ ಔಷಧ ಚಿಮ್ಮುವ ಇನ್ಹೇಲರ್): ಹೊಸದು ಅಥವಾ ಒಂದು ವಾರ ಬಳಸದೆ ಇಟ್ಟದ್ದಾದರೆ ಮೊದಲು 2-4 ಸಲ ಗಾಳಿಗೆ ಒತ್ತಬೇಕು. ಪ್ರತಿ ಎಳೆತಕ್ಕೂ ಮುಂಚೆ ಕುಲುಕಬೇಕು, ಒಂದೇ ಸಲ ಕುಲುಕಿ ಎರಡು ಒತ್ತುವುದಲ್ಲ. ಪೂರ್ತಿ ಉಸಿರು ಬಿಡಿ. ತುಟಿ ಬಿಗಿ ಮಾಡಿ, ಉಸಿರೆಳೆಯಲು ಶುರುಮಾಡಿದ ಕ್ಷಣದಲ್ಲೇ ಒತ್ತಿ, 4-5 ಸೆಕೆಂಡು ನಿಧಾನವಾಗಿ ಎಳೆಯಿರಿ, 10 ಸೆಕೆಂಡು ಹಿಡಿಯಿರಿ. ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ಎರಡನೆಯದು. ಬಾಯಿಯ ಮೇಲಿಂದ ಬಿಳಿ ಹೊಗೆ ಕಂಡರೆ ಔಷಧ ಒಳಗೆ ಹೋಗಲಿಲ್ಲ ಅಂತಲೇ ಅರ್ಥ. ತಣ್ಣನೆಯ ಗಾಳಿ ಗಂಟಲಿಗೆ ಬಡಿದ ತಕ್ಷಣ ಹಲವರು ಉಸಿರು ನಿಲ್ಲಿಸಿಬಿಡುತ್ತಾರೆ. ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಡಬ್ಬಿ) ಹಾಕಿದರೆ ಈ ಎರಡೂ ತೊಂದರೆ ಇಲ್ಲ.

ಸ್ಪೇಸರ್ ಜೊತೆ: ಒಂದು ಒತ್ತು, ಕೂಡಲೇ ಉಸಿರಾಟ. ಚಿಕ್ಕ ಮಕ್ಕಳಿಗೆ ಮಾಸ್ಕ್ ಮುಖಕ್ಕೆ ಒತ್ತಿ ಹಿಡಿದು 5-6 ಸಹಜ ಉಸಿರು. ಎರಡು ಪ್ರಮಾಣ ಒಟ್ಟಿಗೆ ಒತ್ತಿದರೆ ಕಣಗಳು ಒಂದಕ್ಕೊಂದು ಅಂಟಿ ಗೋಡೆಗೆ ಹೋಗುತ್ತವೆ, ಮಗುವಿಗೆ ಸಿಗುವುದು ಕಡಿಮೆ. ಅಳುವ ಮಗುವಿಗೆ ಹಿಡಿದರೆ ಬಹುಪಾಲು ಹೊಟ್ಟೆಗೆ. ಹೊಸ ಪ್ಲಾಸ್ಟಿಕ್ ಸ್ಪೇಸರಿನಲ್ಲಿ ಸ್ಥಿರ ವಿದ್ಯುತ್ ಇರುತ್ತದೆ, ಔಷಧವನ್ನು ಗೋಡೆಗೇ ಸೆಳೆದುಕೊಳ್ಳುತ್ತದೆ. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಒಳಗೆ ಬಟ್ಟೆ ಹಾಕಿ ಒರೆಸಿದರೆ ಆ ವಿದ್ಯುತ್ ಮತ್ತೆ ಹುಟ್ಟುತ್ತದೆ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು.

ಕೊಳ್ಳಲು ಆಗದವರಿಗೆ 500 ಮಿಲಿ ನೀರಿನ ಬಾಟಲಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ್ದಾರೆ: ಸಂದು ಮುಚ್ಚಿದ ಬಾಟಲಿ ಕಂಪನಿ ಸ್ಪೇಸರಿನಷ್ಟೇ ಕೆಲಸ ಮಾಡಿತು, ಥರ್ಮಾಕೋಲ್ ಲೋಟ ಎಲ್ಲಕ್ಕಿಂತ ಹಿಂದೆ ಬಿತ್ತು. ಪಂಪಿನ ಬಾಯಿಯ ಆಕಾರಕ್ಕೆ ತಂತಿ ಬಗ್ಗಿಸಿ ಕಾಯಿಸಿ, ಬಾಟಲಿಯ ತಳದಲ್ಲಿ ಒತ್ತಿ ತೂತು ಮಾಡಿ, ಪ್ಲಾಸ್ಟಿಕ್ ಬಿಸಿಯಿರುವಾಗಲೇ ಪಂಪಿನ ಬಾಯಿ ತೂರಿಸಿ ಅಚ್ಚು ಕೂರಿಸಬೇಕು. ಸುತ್ತ ಅಂಟು ಹಾಕಿ ಸಂದು ಮುಚ್ಚಿ. ಚಾಕುವಿನಿಂದ ಕೊರೆದ ಸಡಿಲ ತೂತಿನಲ್ಲಿ ಔಷಧ ಹೊರಗೇ ಹೋಗುತ್ತದೆ.

ಕ್ಯಾಪ್ಸೂಲ್ ಹಾಕುವ ಪುಡಿ ಇನ್ಹೇಲರಿನ ನಿಯಮ ಪೂರ್ತಿ ಉಲ್ಟಾ: ಕುಲುಕಬಾರದು, ಎಳೆತ ಜೋರಾಗಿ ಮತ್ತು ಉದ್ದವಾಗಿ ಇರಬೇಕು. ಅದರೊಳಗೆ ಉಸಿರು ಬಿಟ್ಟರೆ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಮಳೆಗಾಲದಲ್ಲಿ ಕ್ಯಾಪ್ಸೂಲನ್ನು ಮುಂಚೆಯೇ ತೆಗೆದಿಟ್ಟರೂ ಅದೇ ಗತಿ. ಎಳೆದ ಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಕ್ಯಾಪ್ಸೂಲನ್ನು ನುಂಗುವವರೂ ಇದ್ದಾರೆ, ಆದ್ದರಿಂದ ಮೊದಲ ದಿನವೇ ಮಾಡಿ ತೋರಿಸಬೇಕು. ತೀವ್ರವಾಗಿ ಕೆರಳಿದಾಗ ಜೋರಾಗಿ ಎಳೆಯುವ ಶಕ್ತಿಯೇ ಇರುವುದಿಲ್ಲ, ಆಗ ಪಂಪ್ ಮತ್ತು ಸ್ಪೇಸರೇ ಬೇಕು.

ಸ್ಟೆರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ, ಧ್ವನಿ ಕೆಡುವುದು. ಖಾಲಿಯಾಗಿದೆಯೇ ಎಂದು ಕುಲುಕಿ ನೋಡುವುದೂ, ನೀರಿನಲ್ಲಿ ತೇಲಿಸುವುದೂ ಸುಳ್ಳು ಪರೀಕ್ಷೆ. ಔಷಧ ಮುಗಿದ ಮೇಲೂ ಒಳಗೆ ಅನಿಲ ಇರುತ್ತದೆ, ಸದ್ದು ಬರುತ್ತದೆ. ಎಣಿಕೆ ತೋರಿಸುವ ಕಿಟಕಿ ಇಲ್ಲದಿದ್ದರೆ ಶುರುಮಾಡಿದ ತಾರೀಖನ್ನು ಡಬ್ಬಿಯ ಮೇಲೆ ಬರೆಯಿರಿ. 120 ಎಳೆತದ ಡಬ್ಬಿ, ಬೆಳಿಗ್ಗೆ 2, ರಾತ್ರಿ 2 ಎಂದರೆ 30 ದಿನಕ್ಕೆ ಮುಗಿಯಿತು.

ಪಾಠ_ತಯಾರಿ

ತುಂಬಾ ಉಪಕಾರವಾಯಿತು. ಉಳಿದದ್ದು ನಾಲ್ಕನೆಯ ಪ್ರಶ್ನೆ, ಸ್ಪೈರೊಮೀಟರ್ ಇಲ್ಲದ ಕೇಂದ್ರ. ಜೊತೆಗೆ ಇನ್ನೆರಡು: ನಮ್ಮ ಕಡೆ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮಾಡುವವರು ಹೆಚ್ಚು, ಅವರಿಗೆ ಏನು ಹೇಳಬೇಕು? ಮನೆಯೊಳಗೆ ಯಾವುದನ್ನು ಬದಲಿಸಿದರೆ ನಿಜಕ್ಕೂ ಉಪಯೋಗ?

ಅಂಕಿ_ನೋಟ

ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ತೋರಿಸುವ ಊದುಕೊಳವೆ) ಒಂದು ಸಾಕು. ನಿಂತುಕೊಂಡು, ಮುಳ್ಳನ್ನು ಸೊನ್ನೆಗೆ ತಂದು, ಪೂರ್ತಿ ಉಸಿರೆಳೆದು, ತುಟಿ ಬಿಗಿದು ಒಂದೇ ಏಟಿಗೆ ಊದಬೇಕು. ನಾಲಿಗೆ ಅಡ್ಡ ಬರಬಾರದು, ಉಗುಳುವ ಹಾಗೆ ಊದಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಮೂರು ಸಲ ಊದಿ ದೊಡ್ಡದನ್ನು ಬರೆಯಿರಿ. ಬೆಳಿಗ್ಗೆ, ಸಂಜೆ, ಔಷಧಕ್ಕೆ ಮುಂಚೆ, ಎರಡು ವಾರ. ಉದಾಹರಣೆಗೆ ಬೆಳಿಗ್ಗೆ 280, ಸಂಜೆ 350: ವ್ಯತ್ಯಾಸ 70, ಸರಾಸರಿ 315, ಏರಿಳಿತ 22%. ಇಂಥ ದಿನಗಳ ಸರಾಸರಿ ವಯಸ್ಕರಲ್ಲಿ 10%, ಮಕ್ಕಳಲ್ಲಿ 13% ದಾಟಿದರೆ ಆಸ್ತಮಾದ ಕಡೆ ಬಲವಾದ ಸಾಕ್ಷ್ಯ. ಎರಡು ವಾರ ಕಾಯಲಾಗದಿದ್ದರೆ, ಊದಿಸಿ, ಸ್ಪೇಸರಿನಲ್ಲಿ ಸಾಲ್ಬುಟಮಾಲ್ 4 ಎಳೆತ (400 ಮೈಕ್ರೊಗ್ರಾಂ) ಕೊಟ್ಟು, 15 ನಿಮಿಷದ ಮೇಲೆ ಮತ್ತೆ ಊದಿಸಿ. 20% ಏರಿದರೆ ಸಾಕು. ಏರದಿದ್ದರೆ ಆಸ್ತಮಾ ಅಲ್ಲ ಎಂದಲ್ಲ, ಅವತ್ತು ನಾಳ ಬಿಗಿದಿರಲಿಲ್ಲ ಅಷ್ಟೆ. ಪರೀಕ್ಷೆಗೆ ಮುಂಚಿನ 4 ಗಂಟೆ ನೀಲಿ ಪಂಪ್ ಎಳೆದಿರಬಾರದು.

ಬೇರೆ ಕಾಯಿಲೆಗಳನ್ನು ಮರೆಯಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ಕ್ಷಯ ಇರಬಹುದು. ಮೂವತ್ತು ವರ್ಷ ಸೌದೆ ಒಲೆ ಊದಿದ ಅಜ್ಜಿಯ ಏದುಸಿರು ದಿನದಿಂದ ದಿನಕ್ಕೆ ಬದಲಾಗದೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಅದು ಸಿಒಪಿಡಿ (ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ) ಇರುವ ಸಂಭವವೇ ಹೆಚ್ಚು. ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಒಂದೇ ಬದಿಯಲ್ಲಿ ಸುಂಯ್ ಶುರುವಾದರೆ ಕಡಲೆಬೀಜ ಸಿಕ್ಕಿಕೊಂಡಿದೆಯೇ ನೋಡಬೇಕು.

ದೂಳುಕಣ

ಕಾಫಿ ಕ್ಯೂರಿಂಗ್ ಬಗ್ಗೆ. ಹುರಿಯದ ಹಸಿ ಕಾಫಿ ಬೀಜದ ದೂಳು ಉದ್ಯೋಗದ ಆಸ್ತಮಾಕ್ಕೆ ಗುರುತಿಸಲಾದ ಕಾರಣ. ಹುರಿದ ಮೇಲೆ ಅದರ ಅಲರ್ಜಿ ಗುಣ ಬಹಳ ತಗ್ಗುತ್ತದೆ. ಹಾಗಾಗಿ ಅಪಾಯ ಹೆಚ್ಚಿರುವುದು ಹಲ್ಲಿಂಗ್ (ಸಿಪ್ಪೆ ಬಿಡಿಸುವುದು), ಗ್ರೇಡಿಂಗ್ (ಗಾತ್ರದಂತೆ ಬೇರ್ಪಡಿಸುವುದು), ಚೀಲ ತುಂಬುವುದು, ಬುಡದಲ್ಲಿ ಗುಡಿಸುವುದು ಇಲ್ಲಿ. ಹಳೆ ಗೋಣಿಚೀಲದಲ್ಲಿ ಹರಳು ಬೀಜದ ದೂಳು ಉಳಿದಿದ್ದರೆ ಅದು ಇನ್ನೂ ಪ್ರಬಲ ಅಲರ್ಜಿಕಾರಕ. ರೇಷ್ಮೆ ನೂಲು ಬಿಚ್ಚುವವರಿಗೂ, ಬೇಕರಿಯ ಹಿಟ್ಟಿನಲ್ಲಿ ಕೆಲಸ ಮಾಡುವವರಿಗೂ, ಕಾರಿಗೆ ಐಸೊಸೈನೇಟ್ ಬಣ್ಣ ಸ್ಪ್ರೇ ಮಾಡುವವರಿಗೂ ಇದೇ ಬಗೆಯ ಕಾಯಿಲೆ ಬರುತ್ತದೆ.

ಕೇಳಬೇಕಾದ ಪ್ರಶ್ನೆ ಎರಡೇ: ರಜೆಯ ದಿನ ಹಗುರಾಗುತ್ತದೆಯೇ? ಕೆಲಸಕ್ಕೆ ಸೇರುವ ಮುಂಚೆ ಇತ್ತೇ? ಅನುಮಾನ ಬಂದರೆ ದಿನಕ್ಕೆ ಕನಿಷ್ಠ 4 ಸಲ ಪೀಕ್ ಫ್ಲೋ, ನಾಲ್ಕು ವಾರ, ಕೆಲಸದ ದಿನ ಮತ್ತು ರಜೆ ಎರಡೂ ಸೇರುವಂತೆ. ವಾರಕ್ಕೆ ಒಂದೇ ರಜೆ ಇರುವವರಲ್ಲಿ ಒಂದು ದಿನ ಸಾಲದೆ ನಕ್ಷೆ ಸಪಾಟಾಗಿ ಕಾಣುತ್ತದೆ, ಹಬ್ಬದ ಸಾಲು ರಜೆಯನ್ನು ಸೇರಿಸಿಕೊಳ್ಳಿ. ಒಮ್ಮೆ ಅಲರ್ಜಿ ಬೇರೂರಿದರೆ ಅತಿ ಕಡಿಮೆ ದೂಳಿಗೂ ಕೆರಳುತ್ತದೆ, ಬಟ್ಟೆಯ ಮಾಸ್ಕ್ ಉಳಿಸುವುದಿಲ್ಲ. ಬೇಗ ಆ ಜಾಗ ಬದಲಿಸಿದವರಲ್ಲಿ ಗುಣ ಹೆಚ್ಚು, ವರ್ಷಗಟ್ಟಲೆ ಉಳಿದವರಲ್ಲಿ ಕೆಲಸ ಬಿಟ್ಟ ಮೇಲೂ ಆಸ್ತಮಾ ಉಳಿಯುತ್ತದೆ. ಹಾಗೆಂದು "ಕೆಲಸ ಬಿಡು" ಅನ್ನುವುದು ಸುಲಭದ ಮಾತಲ್ಲ. ಮೊದಲು ದೂಳು ಹೀರುವ ವ್ಯವಸ್ಥೆ, ನೀರು ಚಿಮುಕಿಸಿ ಗುಡಿಸುವುದು, ಅದೇ ಸಂಸ್ಥೆಯಲ್ಲಿ ದೂಳಿಲ್ಲದ ವಿಭಾಗಕ್ಕೆ ವರ್ಗ, ಇವನ್ನು ಕೇಳಲು ಹೇಳಿಕೊಡಿ.

ಮನೆಯೊಳಗೆ. ದೂಳುನುಸಿಯ ಮೇಲಿನ 54 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಸಂಸ್ಥೆ) ವಿಮರ್ಶೆ (2008), ನುಸಿ ತಡೆಯುವ ಹೊದಿಕೆಯಂಥ ಒಂಟಿ ಕ್ರಮಗಳಿಂದ ಆಸ್ತಮಾ ಸುಧಾರಿಸಿದ್ದನ್ನು ಕಾಣಲಿಲ್ಲ. ದುಬಾರಿ ಹೊದಿಕೆ, ಸ್ಪ್ರೇಗೆ ಬಡವರಿಂದ ದುಡ್ಡು ಖರ್ಚು ಮಾಡಿಸಬೇಡಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯಬಹುದು, ಖರ್ಚಿಲ್ಲ. ಬಿರುಬಿಸಿಲು ನುಸಿಯನ್ನು ಕೊಲ್ಲುತ್ತದೆ, ಆದರೆ ಅಲರ್ಜಿ ತರುವುದು ಅದರ ಹಿಕ್ಕೆ, ಅದು ಒಗೆದರೇ ಹೋಗುವುದು. ಜಿರಳೆಯನ್ನು ಹಗುರಾಗಿ ಕಾಣಬೇಡಿ: ಅಮೆರಿಕದ ನಗರಗಳ ಬಡ ಮಕ್ಕಳ ಅಧ್ಯಯನದಲ್ಲಿ (1997), ಜಿರಳೆಗೆ ಅಲರ್ಜಿಯೂ ಇದ್ದು ಮಲಗುವ ಕೋಣೆಯಲ್ಲಿ ಜಿರಳೆಯ ಅಂಶವೂ ಹೆಚ್ಚಿದ್ದ ಮಕ್ಕಳು ವರ್ಷಕ್ಕೆ 0.37 ಸಲ ಆಸ್ಪತ್ರೆ ಸೇರಿದರು, ಉಳಿದವರು 0.11. ಸ್ಪ್ರೇ ಹೊಡೆದರೆ ಅದೇ ಕೆರಳಿಸುತ್ತದೆ, ಬಿರುಕಿನಲ್ಲಿ ಇಡುವ ಜೆಲ್ ವಾಸಿ.

ಎಲ್ಲಕ್ಕಿಂತ ಮೊದಲು ಸೊಳ್ಳೆ ಬತ್ತಿ. ಒಂದು ಬತ್ತಿ ಪೂರ್ತಿ ಉರಿದರೆ ಹೊರಬರುವ ಪಿಎಂ2.5 (ಶ್ವಾಸಕೋಶದ ಆಳಕ್ಕಿಳಿಯುವ ಅತಿಸಣ್ಣ) ಕಣ 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಅಳೆದಿದ್ದಾರೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಗು ರಾತ್ರಿಯಿಡೀ ಅದನ್ನೇ ಉಸಿರಾಡುತ್ತದೆ. ಸೊಳ್ಳೆ ಪರದೆ ಕಟ್ಟಿಸಿ.

ಪಾಠ_ತಯಾರಿ

ಕೊನೆಯದು. ತಾಯಂದಿರು ಖಂಡಿತ ಕೇಳುವುದು: "ಸ್ಟೆರಾಯ್ಡ್ ಎಳೆದರೆ ಮಗು ಕುಳ್ಳಾಗುತ್ತದಂತೆ", "ಬಾಳೆಹಣ್ಣು, ಮೊಸರು ಬಿಡಿಸಬೇಕಾ", "ಮೃಗಶಿರಕ್ಕೆ ಹೈದರಾಬಾದಿನ ಮೀನಿನ ಔಷಧ ಹಾಕಿಸೋಣವೇ". ಮತ್ತೆ ಶಾಲೆಯಲ್ಲಿ ಮಗುವಿಗೆ ಕೆರಳಿದರೆ ಮೇಷ್ಟ್ರು ಏನು ಮಾಡಬೇಕು?

ಎದೆ_ವಿಭಾಗ

ಎತ್ತರದ ಮಾತು ಪೂರ್ತಿ ಸುಳ್ಳಲ್ಲ, ಹಾಗಾಗಿ ತಳ್ಳಿಹಾಕಬೇಡಿ, ಅಂಕಿ ಹೇಳಿ. ಮಕ್ಕಳಿಗೆ ದಿನಕ್ಕೆ 400 ಮೈಕ್ರೊಗ್ರಾಂ ಬುಡೆಸೊನೈಡನ್ನು ನಾಲ್ಕಾರು ವರ್ಷ ಕೊಟ್ಟು, ಅವರು ದೊಡ್ಡವರಾದ ಮೇಲೆ ಅಳೆದಾಗ (2012) ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇದ್ದರು. ಆ ಕುಗ್ಗುವಿಕೆ ಮೊದಲ ಒಂದೆರಡು ವರ್ಷದಲ್ಲೇ ಆಗಿ ನಿಂತಿತು, ವರ್ಷ ವರ್ಷ ಕೂಡುತ್ತ ಹೋಗಲಿಲ್ಲ. ಪಂಪ್ ಬೇಡವೆಂದು ತಿಂಗಳಿಗೊಮ್ಮೆ ಕೆರಳಿಸಿಕೊಂಡು ಸ್ಟೆರಾಯ್ಡ್ ಮಾತ್ರೆ ನುಂಗಿದರೆ ಒಂದು ದಿನಕ್ಕೇ 20-40 ಮಿಲಿಗ್ರಾಂ, ಅಂದರೆ ಪಂಪಿನ ದಿನದ ಪ್ರಮಾಣದ 50-100 ಪಟ್ಟು ತೂಕದ ಔಷಧ. ಹತೋಟಿಗೆ ಬಂದು 3 ತಿಂಗಳು ಸ್ಥಿರವಾದ ಮೇಲೆ ವೈದ್ಯರು ಪಂಪಿನ ಪ್ರಮಾಣ ಇಳಿಸುತ್ತಾರೆ. ತಾಯಿ ತಾನೇ ನಿಲ್ಲಿಸುವುದು ಬೇಡ.

ಬಾಳೆಹಣ್ಣು, ಮೊಸರು ಬಿಡಿಸುವ ಅಗತ್ಯ ಇಲ್ಲ. ತಿಂದ ಕೆಲವೇ ನಿಮಿಷದಲ್ಲಿ ತುಟಿ ಊದುವುದು, ದದ್ದು ಏಳುವುದು ಆಗುವ ಮಗುವಿನ ವಿಷಯ ಬೇರೆ. ಮೀನಿನ ಔಷಧಕ್ಕೆ ನಿಯಂತ್ರಿತ ಪ್ರಯೋಗದ ಪುರಾವೆ ಇಲ್ಲ. ಹೋಗಬೇಡಿ ಎಂದು ಜಗಳವಾಡಿದರೆ ಅವರು ನಿಮ್ಮ ಮಾತು ಕೇಳುವುದನ್ನೇ ಬಿಡುತ್ತಾರೆ. "ಹೋದರೂ ಪಂಪ್ ನಿಲ್ಲಿಸಬೇಡಿ, ಪ್ರಯಾಣದಲ್ಲಿ ಜೊತೆಗಿರಲಿ" ಅನ್ನಿ.

ಶಾಲೆಯಲ್ಲಿ: ಮಗುವನ್ನು ಮಲಗಿಸಬೇಡಿ, ಮುಂದಕ್ಕೆ ಬಾಗಿ ಕೂರಿಸಿ. ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಒಂದೊಂದಾಗಿ 4 ಎಳೆತ, ಪ್ರತಿಯೊಂದಕ್ಕೂ 5-6 ಉಸಿರು. 20 ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ 4, ಅಷ್ಟರಲ್ಲಿ 108ಕ್ಕೆ ಕರೆ ಹೋಗಿರಬೇಕು. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಗು ಮಂಕಾದರೆ 20 ನಿಮಿಷ ಕಾಯಬೇಡಿ, ಕೂಡಲೇ ಕರೆ ಮಾಡಿ, ಗಾಡಿ ಬರುವವರೆಗೂ ಪಂಪ್ ಕೊಡುತ್ತಿರಿ. ಮೇಷ್ಟ್ರುಗಳಿಗೆ ಮುಖ್ಯವಾಗಿ ಒಂದನ್ನು ಹೇಳಿ: ಜೋರಾಗಿ ಸುಂಯ್‌ಗುಟ್ಟುತ್ತಿದ್ದ ಎದೆ ಸದ್ದು ನಿಲ್ಲಿಸಿ ಮಗು ಸುಸ್ತಾಗಿ ಸುಮ್ಮನಾದರೆ ಅದು ಇಳಿದದ್ದಲ್ಲ, ಗಾಳಿಯೇ ಓಡಾಡುತ್ತಿಲ್ಲ.